ಬಡವರ ಪಟ್ಟಿ ಬೇಡವೆಂದ ಶಾಸಕ: ಥ್ಯಾಡಿಯಸ್ ಸ್ಟೀವನ್ಸ್

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದಿಂದ ಸ್ವಲ್ಪ ಹೊರಗಿರುವ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ. ನನ್ನ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಪಾಠಯೋಜನೆ, ಬೋಧನೋಪಕರಣ, ವೀಕ್ಷಣಾ ಪುಸ್ತಕ ಎಂದು ಬಿಡುವಿಲ್ಲದ ಹೊತ್ತಿನಲ್ಲೇ ಒಂದು ನಿಯೋಜಿತ ಕಾರ್ಯವೂ ಇತ್ತು. ಶಾಲೆಗಾಗಿ ಕಾನೂನು ಮಾಡಲು ದುಡಿದ ಶಾಸಕರೊಬ್ಬರ ಜೀವನವನ್ನು ಓದಿ ಬರೆಯಬೇಕು. ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಹಾಕಿದ್ದರು. ಪಕ್ಕದಲ್ಲಿದ್ದ ಗೆಳತಿಗೆ ಗೋಪಾಲಕೃಷ್ಣ ಗೋಖಲೆಯವರ ಹೆಸರು ಬಂತು. ನನ್ನ ಚೀಟಿಯಲ್ಲಿ ಥ್ಯಾಡಿಯಸ್ ಸ್ಟೀವನ್ಸ್, ಅಮೆರಿಕ ಎಂದಷ್ಟೇ ಇತ್ತು. ಬಿಎಸ್ಸಿ ಓದಿ ಬಂದ ನನಗೆ ಆ ಹೆಸರೇ ಹೊಸದು. ಚೀಟಿ ಬದಲಾಯಿಸಿಕೊಳ್ಳಬಹುದೇ ಎಂದು ಕೇಳಿದೆ. ಓದಿದ ಮೇಲೂ ಬೇಡವೆನಿಸಿದರೆ ಬಂದು ಹೇಳಿ ಎಂದು ಪ್ರಾಧ್ಯಾಪಕರು ನಕ್ಕು ಕಳುಹಿಸಿದರು. ನಾನು ಮತ್ತೆ ಹೋಗಿ ಕೇಳಲಿಲ್ಲ. ಅದಕ್ಕೆ ಕಾರಣ ತರಗತಿಯಲ್ಲಿ ನಾನು ಮಾಡಿದ ಒಂದು ತಪ್ಪು.

ನಮ್ಮ ಎರಡನೇ ವಾರದಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳ ಕೆಲಸ ನಡೆಯುತ್ತಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ನಕಲು ಯಾರು ಯಾರು ಕೊಟ್ಟಿಲ್ಲವೋ ನೋಡಿ ಪಡೆದುಕೊಳ್ಳಲು ಮಾರ್ಗದರ್ಶಕ ಶಿಕ್ಷಕಿ ನನಗೆ ಪಟ್ಟಿ ಕೊಟ್ಟರು. ಗಣಿತದ ಅವಧಿ ಶುರುವಾಗಲು ಐದು ನಿಮಿಷವಿತ್ತು. ನಾನು ಹಾಜರಿ ಪುಸ್ತಕ ಹಿಡಿದು, ವಿದ್ಯಾರ್ಥಿವೇತನ ಬರುವವರೆಲ್ಲ ಎದ್ದು ನಿಲ್ಲಿ ಎಂದೆ. ಒಬ್ಬೊಬ್ಬರಾಗಿ ಎದ್ದರು. ಕುಳಿತವರು ನಿಂತವರ ಕಡೆ ತಿರುಗಿ ನೋಡಿದರು. ಪಟ್ಟಿಯಲ್ಲಿ ಹೆಸರಿದ್ದ ಒಬ್ಬ ಹುಡುಗಿ ಮಾತ್ರ ಏಳಲಿಲ್ಲ. ನಾನು ಹೆಸರು ಹಿಡಿದು ಕೂಗಿದೆ. ತನಗೆ ಅದು ಬೇಡ ಎಂದು ತಲೆ ತಗ್ಗಿಸಿಯೇ ಹೇಳಿದಳು. ಅಂದು ಅವಳು ಒಂದು ಲೆಕ್ಕವನ್ನೂ ಬಿಡಿಸಲಿಲ್ಲ. ನನಗೆ ಅದು ಹಟಮಾರಿತನ ಎನಿಸಿತು. ಪಾಠದ ನಂತರದ ಸ್ವಮೌಲ್ಯಮಾಪನದಲ್ಲಿ, ತರಗತಿ ನಿರ್ವಹಣೆ ತೃಪ್ತಿಕರ ಎಂದು ಬರೆದುಕೊಂಡೆ.

ಆ ವಾರದ ಕೊನೆಯಲ್ಲಿ ಸ್ಟೀವನ್ಸ್ ಅವರ ಬಗ್ಗೆ ಓದತೊಡಗಿದೆ.

ಬಾಲ್ಯ ಮತ್ತು ಓದು

ಥ್ಯಾಡಿಯಸ್ ಸ್ಟೀವನ್ಸ್ ಹುಟ್ಟಿದ್ದು 1792ರ ಏಪ್ರಿಲ್ 4ರಂದು, ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ಡ್ಯಾನ್ವಿಲ್ ಎಂಬ ಊರಿನಲ್ಲಿ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ನೆರವಾದ ಪೋಲೆಂಡಿನ ಸೇನಾನಿ ಕೊಶ್ಚುಷ್ಕೋ ಅವರ ಮೊದಲ ಹೆಸರನ್ನೇ ಮಗುವಿಗೆ ಇಟ್ಟಿದ್ದರು. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿತ್ತು. ಅಣ್ಣನಿಗೆ ಎರಡೂ ಪಾದಗಳು ಹಾಗೆಯೇ ಇದ್ದವು. ಅಂದಿನ ಜನ ಅದನ್ನು ದೇವರ ಶಿಕ್ಷೆ ಎಂದು ಬಗೆಯುತ್ತಿದ್ದರು. ಓಟ, ಈಜು ಎಲ್ಲದರಲ್ಲೂ ಹಿಂದೆ ಬೀಳದಿರಲು ಹುಡುಗ ಪ್ರಯತ್ನಿಸುತ್ತಿದ್ದರೂ ಜೊತೆಗಾರರು ಅವನ ಕುಂಟುನಡಿಗೆಯನ್ನು ಅಣಕಿಸುವುದನ್ನು ಬಿಡಲಿಲ್ಲ.

ತಂದೆ ಒಂದಿಷ್ಟು ಬೇಸಾಯ, ಒಂದಿಷ್ಟು ಚಪ್ಪಲಿ ಹೊಲಿಯುವ ಕೆಲಸ ಮಾಡುತ್ತಿದ್ದವರು. ಮಕ್ಕಳು ಚಿಕ್ಕವರಿದ್ದಾಗಲೇ ಮನೆ ಬಿಟ್ಟು ಹೋದರು. ನಾಲ್ಕು ಗಂಡುಮಕ್ಕಳ ಹೊರೆ ತಾಯಿ ಸಾರಾ ಅವರ ಮೇಲೆ ಬಿತ್ತು. ಕಾಲು ಊನವಾದ ಮಗನಿಂದ ಹೊಲದ ಕೆಲಸ ಆಗಲಾರದು, ಅವನಿಗೆ ಓದೇ ಆಸರೆ ಎಂದು ಆಕೆ ತೀರ್ಮಾನಿಸಿದರು. ಒಳ್ಳೆಯ ಶಾಲೆ ಇದೆ ಎಂಬ ಕಾರಣಕ್ಕೇ ಸಂಸಾರವನ್ನು ಪಕ್ಕದ ಪೀಚಮ್ ಊರಿಗೆ ಸಾಗಿಸಿದರು. ಸ್ಟೀವನ್ಸ್ ಮುಂದೆ ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 1814ರಲ್ಲಿ ಪದವಿ ಪಡೆದರು. ವಕೀಲರಾಗಿ ಕೈಯಲ್ಲಿ ಹಣ ಬಂದ ಮೇಲೆ ತಾಯಿಗೆ ಜಮೀನು ಕೊಂಡುಕೊಟ್ಟರು.

ಪದವಿಯ ನಂತರ ಅವರು ಮಾಡಿದ ಮೊದಲ ಕೆಲಸ ಶಿಕ್ಷಕ ವೃತ್ತಿ. ಇದನ್ನು ಓದಿದಾಗ ನನಗೆ ಚೀಟಿಯ ಮೇಲಿದ್ದ ಬೇಸರ ಅರ್ಧ ಕಡಿಮೆಯಾಯಿತು. ಪೆನ್ಸಿಲ್ವೇನಿಯ ರಾಜ್ಯದ ಯಾರ್ಕ್ ಎಂಬ ಊರಿನ ಶಾಲೆಯಲ್ಲಿ ಹಗಲು ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ಕಾನೂನು ಓದುತ್ತಿದ್ದರು. ಬೇರೆ ಉದ್ಯೋಗ ಮಾಡುತ್ತ ಕಾನೂನು ಓದಿದವರನ್ನು ವಕೀಲರ ಸಂಘಕ್ಕೆ ಸೇರಿಸಬಾರದು ಎಂಬ ನಿಯಮ ಆ ಜಿಲ್ಲೆಯಲ್ಲಿತ್ತು. ಸ್ಟೀವನ್ಸ್ ವಾದಕ್ಕೆ ಹೋಗದೆ ಪಕ್ಕದ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಿ ಪರೀಕ್ಷೆ ಕೊಟ್ಟು ಬಂದರು. 1816ರಲ್ಲಿ ಗೆಟ್ಟಿಸ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ ವಕೀಲಿ ಶುರುಮಾಡಿದರು. ಮಾತಿನಲ್ಲಿ ಬಹಳ ಹರಿತ. ಕೆಲವೇ ವರ್ಷಗಳಲ್ಲಿ ಜಿಲ್ಲೆಯಲ್ಲಿ ಹೆಸರು ಮಾಡಿದರು. ಕಾಯಿಲೆಯೊಂದರಿಂದ ತಲೆಗೂದಲು ಉದುರಿದ ಮೇಲೆ ವಿಗ್ ಹಾಕಿಕೊಂಡೇ ಬದುಕಿದರು. ಮದುವೆಯಾಗಲಿಲ್ಲ. ಇಸ್ಪೀಟು ಜೂಜಿನ ಚಟ ಕೊನೆಯವರೆಗೂ ಇತ್ತು.

ಗೆದ್ದ ಮೊಕದ್ದಮೆ

ಮಹಾಪುರುಷರ ಜೀವನ ಬರೆಯುವಾಗ ನಾವು ಸಾಮಾನ್ಯವಾಗಿ ತಪ್ಪುಗಳನ್ನು ಬಿಟ್ಟು ಬರೆಯುತ್ತೇವೆ. ಸ್ಟೀವನ್ಸ್ ಅವರ ಜೀವನದ ಒಂದು ಪ್ರಸಂಗವನ್ನು ಹಾಗೆ ಬಿಡಲಾಗದು. ಪೆನ್ಸಿಲ್ವೇನಿಯದಲ್ಲಿ 1780ರಷ್ಟು ಹಿಂದೆಯೇ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆದುಹಾಕುವ ಕಾನೂನು ಬಂದಿತ್ತು. ಹೊರರಾಜ್ಯದ ಒಡೆಯನು ತನ್ನ ಗುಲಾಮರನ್ನು ಇಲ್ಲಿಗೆ ಕರೆತಂದು 6 ತಿಂಗಳು ಇಟ್ಟುಕೊಂಡರೆ ಅವರು ಸ್ವತಂತ್ರರಾಗುತ್ತಿದ್ದರು. ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿದ್ದ ಚಾರಿಟಿ ಬಟ್ಲರ್ ಎಂಬ ಹೆಂಗಸನ್ನು ಪೆನ್ಸಿಲ್ವೇನಿಯಕ್ಕೆ ಹಲವು ಬಾರಿ ಕರೆತಂದಿದ್ದರು. ಆ ದಿನಗಳನ್ನೆಲ್ಲ ಕೂಡಿದರೆ 6 ತಿಂಗಳು ಮೀರುತ್ತದೆ, ಆದ್ದರಿಂದ ತಾನೂ ತನ್ನ ಮಕ್ಕಳೂ ಸ್ವತಂತ್ರರು ಎಂಬುದು ಆಕೆಯ ವಾದ. ಒಡೆಯನ ಪರವಾಗಿ ನಿಂತ ವಕೀಲರು ಸ್ಟೀವನ್ಸ್. 6 ತಿಂಗಳು ಎಂದರೆ ಎಡೆಬಿಡದೆ 6 ತಿಂಗಳು, ಬಿಡಿ ದಿನಗಳನ್ನು ಕೂಡುವಂತಿಲ್ಲ ಎಂದು ಅವರು ವಾದಿಸಿದರು. 1821ರಲ್ಲಿ ಗೆದ್ದರು. ಒಬ್ಬ ತಾಯಿ ಮತ್ತು ಅವಳ ಮಕ್ಕಳು ಗುಲಾಮಗಿರಿಗೇ ಮರಳಿದರು.

ಆಮೇಲಿನ ಅವರ ಬದುಕು ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ತಪ್ಪಿಸಿಕೊಂಡು ಬಂದ ಗುಲಾಮರ ಪರವಾಗಿ ನ್ಯಾಯಾಲಯದಲ್ಲಿ ನಿಂತರು. 1842ರಲ್ಲಿ ಲ್ಯಾಂಕಾಸ್ಟರ್ ನಗರಕ್ಕೆ ಹೋಗಿ ನೆಲೆಸಿದ ಮೇಲೂ ಇದೇ ಕೆಲಸ. 1851ರಲ್ಲಿ ಅಲ್ಲಿಗೆ ಸಮೀಪದ ಕ್ರಿಸ್ಟಿಯಾನಾದಲ್ಲಿ, ಓಡಿಬಂದವರನ್ನು ಹಿಡಿಯಲು ಬಂದ ಒಡೆಯನು ಪ್ರತಿರೋಧದಲ್ಲಿ ಸತ್ತುಹೋದನು. ಹಿಡಿಯಲು ನೆರವಾಗದವರ ಮೇಲೆ ರಾಷ್ಟ್ರದ್ರೋಹದ ಆಪಾದನೆ ಬಂತು. ಆಪಾದಿತರ ಪರ ವಾದಿಸಿದವರಲ್ಲಿ ಸ್ಟೀವನ್ಸ್ ಒಬ್ಬರು. ಮೊದಲು ವಿಚಾರಣೆಗೆ ಬಂದವನ ಬಿಡುಗಡೆಯಾಯಿತು, ಉಳಿದ ಮೊಕದ್ದಮೆಗಳೂ ಬಿದ್ದುಹೋದವು. ಆದರೆ ಚಾರಿಟಿ ಬಟ್ಲರ್ ಅವರಿಗೆ ಇದರಿಂದ ಏನೂ ಸಿಗಲಿಲ್ಲ. ಆಕೆಯ ಲೆಕ್ಕ ಹಾಗೆಯೇ ಉಳಿಯಿತು.

1835ರ ಏಪ್ರಿಲ್

ಶಿಕ್ಷಕರಾದ ನಮಗೆ ಮುಖ್ಯವಾದದ್ದು ಮುಂದಿನ ಭಾಗ. 1833ರಲ್ಲಿ ಸ್ಟೀವನ್ಸ್ ಪೆನ್ಸಿಲ್ವೇನಿಯದ ವಿಧಾನಸಭೆಗೆ ಆರಿಸಿ ಬಂದರು. ಆ ರಾಜ್ಯದಲ್ಲಿ ಬಡ ಮಕ್ಕಳ ಓದಿಗೆ ಅದುವರೆಗೂ ಇದ್ದದ್ದು 1809ರ ಕಾನೂನು. ಅದು ಬಡವರಿಗೆ ಉಚಿತ ಶಿಕ್ಷಣ ಕೊಡುತ್ತಿತ್ತು, ನಿಜ. ಆದರೆ ಅದನ್ನು ಪಡೆಯಲು ತಂದೆತಾಯಿ ತಮಗೆ ಶುಲ್ಕ ಕೊಡುವ ಶಕ್ತಿಯಿಲ್ಲವೆಂದು ತೋರಿಸಿಕೊಳ್ಳಬೇಕು. ತೆರಿಗೆ ಲೆಕ್ಕ ಹಾಕುವ ಅಧಿಕಾರಿ ಅಂಥ ಮಕ್ಕಳ ಹೆಸರುಗಳ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿದ್ದವರ ಶುಲ್ಕವನ್ನು ಜಿಲ್ಲೆ ಭರಿಸುತ್ತಿತ್ತು. ಒಂದೇ ಕೋಣೆಯಲ್ಲಿ ಕಾಸು ಕೊಟ್ಟು ಓದುವವರೂ ಪಟ್ಟಿಯ ಮಕ್ಕಳೂ ಕುಳಿತರು. ಯಾರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಈ ಅವಮಾನಕ್ಕಿಂತ ಓದದಿರುವುದೇ ಮೇಲೆಂದು ಎಷ್ಟೋ ಪೋಷಕರು ಮಕ್ಕಳನ್ನು ಶಾಲೆಗೆ ಕಳುಹಿಸಲೇ ಇಲ್ಲ.

ಈ ಸಾಲುಗಳನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಏಳದೆ ಕುಳಿತಿದ್ದ ಹುಡುಗಿಯ ಬಗ್ಹಿದ ತಲೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಇನ್ನೊಂದು ನೆನಪೂ ಬಂತು. ಏಳನೇ ತರಗತಿಯಲ್ಲಿ ನಾನೂ ಹಾಗೆ ಎದ್ದು ನಿಂತಿದ್ದೆ. ನಿಂತವರನ್ನು ಎಣಿಸಿ ಮುಗಿಸುವವರೆಗೂ ಕಾಲಿನ ಹೆಬ್ಬೆರಳು ನೋಡುತ್ತಿದ್ದದ್ದು ನೆನಪಿದೆ. ಹಾಜರಿ ಪುಸ್ತಕ ನನ್ನ ಕೈಗೆ ಬಂದ ಹತ್ತೇ ದಿನಗಳಲ್ಲಿ ಅದನ್ನು ಮರೆತಿದ್ದೆ.

1834ರಲ್ಲಿ ಪೆನ್ಸಿಲ್ವೇನಿಯದಲ್ಲಿ ಹೊಸ ಕಾನೂನು ಬಂತು. ರಾಜ್ಯಪಾಲ ಜಾರ್ಜ್ ವುಲ್ಫ್ ಇದಕ್ಕಾಗಿ ಶ್ರಮಿಸಿದ್ದರು. ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳಿಗೂ ತೆರೆದ ಶಾಲೆ, ಅದರ ಖರ್ಚಿಗೆ ಎಲ್ಲರ ಮೇಲೂ ತೆರಿಗೆ. ಪಟ್ಟಿ ಎಂಬುದೇ ಇಲ್ಲ. ಕಾನೂನು ಜಾರಿಗೆ ಬರುತ್ತಲೇ ರಾಜ್ಯದ ತುಂಬ ಗದ್ದಲ ಎದ್ದಿತು. ಮಕ್ಕಳಿಲ್ಲದವರು ತಾವೇಕೆ ತೆರಿಗೆ ಕೊಡಬೇಕೆಂದರು. ಶ್ರೀಮಂತರು ಊರವರ ಮಕ್ಕಳನ್ನು ತಾವೇಕೆ ಓದಿಸಬೇಕೆಂದರು. ಜರ್ಮನ್ ಮಾತನಾಡುವ ರೈತರಿಗೆ ತಮ್ಮ ಭಾಷೆಯೂ ಚರ್ಚಿನ ಶಾಲೆಗಳೂ ಹೋಗಿಬಿಡುತ್ತವೆಂಬ ಭಯ. ಕಾನೂನು ರದ್ದಾಗಲಿ ಎಂದು 30,000ಕ್ಕೂ ಹೆಚ್ಚು ಜನ ಸಹಿ ಹಾಕಿ ಮನವಿ ಕಳುಹಿಸಿದರು. ಉಳಿಯಲಿ ಎಂದವರ ಸಹಿಗಳು ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಮೇಲ್ಮನೆ ರದ್ದತಿಗೆ ಒಪ್ಪಿತು. ಉಳಿದದ್ದು ಕೆಳಮನೆ ಮಾತ್ರ.

ಸ್ಟೀವನ್ಸ್ ಅವರ ಸ್ಥಿತಿ ಸುಲಭದ್ದಾಗಿರಲಿಲ್ಲ. ಅವರ ಕ್ಷೇತ್ರದ ಮತದಾರರೇ ರದ್ದತಿಯ ಪರ ಇದ್ದರು. ಕಾನೂನು ತಂದ ರಾಜ್ಯಪಾಲರು ವಿರೋಧ ಪಕ್ಷದವರು. ವುಲ್ಫ್ ಅವರು ಫ್ರೀಮೇಸನ್ ಎಂಬ ಸಂಘದ ಸದಸ್ಯರು, ಸ್ಟೀವನ್ಸ್ ಇದ್ದ ಪಕ್ಷ ಹುಟ್ಟಿದ್ದೇ ಆ ಸಂಘವನ್ನು ವಿರೋಧಿಸಲು. ಆದರೂ 1835ರ ಏಪ್ರಿಲ್ 11ರಂದು ಹ್ಯಾರಿಸ್‌ಬರ್ಗಿನ ಸಭೆಯಲ್ಲಿ ಎದ್ದು ನಿಂತು ಅವರು ಈ ಕಾನೂನಿನ ಪರವಾಗಿ ಮಾತನಾಡಿದರು.

ಅವರ ವಾದವನ್ನು ನಾನು ತರಗತಿಗೆ ವಿವರಿಸಿದ್ದು ಹೀಗೆ. ಒಬ್ಬನು ಎಂದೂ ಕಳ್ಳತನ ಮಾಡದಿದ್ದರೂ ಜೈಲು ಮತ್ತು ನ್ಯಾಯಾಲಯಗಳ ಖರ್ಚಿಗೆ ತೆರಿಗೆ ಕೊಡುತ್ತಾನೆ, ತನಗೆ ಅದರಿಂದ ಏನು ಲಾಭ ಎಂದು ಕೇಳುವುದಿಲ್ಲ. ಅಪರಾಧ ಮಾಡಿದ ಮೇಲೆ ಶಿಕ್ಷಿಸಲು ಹಣ ಕೊಡುವವನು, ಅದಕ್ಕೆ ಮೊದಲೇ ಕಲಿಸಲು ಕೊಡಲು ಏಕೆ ಗೊಣಗಬೇಕು? ಪ್ರಜೆಗಳೇ ಆಳುವ ದೇಶದಲ್ಲಿ ಪ್ರತಿಯೊಬ್ಬರ ಓದೂ ಎಲ್ಲರ ಕೆಲಸ. ಹಳೆಯ ಕಾನೂನಿನ ಬಗ್ಗೆ ಅವರ ಆಕ್ಷೇಪ ಇನ್ನೂ ಖಾರವಾಗಿತ್ತು. ಬಡವರೆಂದು ಪಟ್ಟಿ ಮಾಡಿ ಗುರುತು ಹಾಕಿ ಕೊಡುವುದನ್ನು ಶಿಕ್ಷಣದ ಕಾನೂನು ಎಂದು ಕರೆಯುವುದೇ ತಪ್ಪು, ಅದು ಮಕ್ಕಳನ್ನು ಎರಡು ಜಾತಿಯಾಗಿ ಒಡೆಯುತ್ತದೆ ಎಂಬುದು ಅದರ ಸಾರ. ರಾಜಕೀಯ ವಿರೋಧಿಯಾದ ವುಲ್ಫ್ ಅವರ ಧೈರ್ಯವನ್ನೂ ಹೊಗಳಿದರು. ಅವರ ಮಾತು ಮುಗಿದ ಮೇಲೆ ಕೆಳಮನೆ ರದ್ದತಿಯನ್ನು ತಿರಸ್ಕರಿಸಿತು. ಉಚಿತ ಶಾಲೆ ಉಳಿಯಿತು. ವುಲ್ಫ್ ಮಾತ್ರ ಆ ವರ್ಷದ ಚುನಾವಣೆಯಲ್ಲಿ ಸೋತರು.

ಇದಾದ ಮೇಲೆ 1837-38ರಲ್ಲಿ ರಾಜ್ಯದ ಸಂವಿಧಾನವನ್ನು ತಿದ್ದಲು ಸಭೆ ಸೇರಿತು. ಮತದಾನದ ಹಕ್ಕು ಬಿಳಿಯರಿಗೆ ಮಾತ್ರ ಎಂದು ಅಲ್ಲಿ ಸೇರಿಸಿದರು. ಅದುವರೆಗೆ ಮತ ಹಾಕಬಹುದಾಗಿದ್ದ ಸ್ವತಂತ್ರ ಕರಿಯರೂ ಹಕ್ಕು ಕಳೆದುಕೊಂಡರು. ಸಭೆಯ ಸದಸ್ಯರಾಗಿದ್ದ ಸ್ಟೀವನ್ಸ್ ಆ ದಾಖಲೆಗೆ ಸಹಿ ಹಾಕಲು ನಿರಾಕರಿಸಿದರು.

ವಾಷಿಂಗ್ಟನ್‌ನಲ್ಲಿ

1849ರಿಂದ 1853ರವರೆಗೆ, ಮತ್ತೆ 1859ರಿಂದ ಸಾಯುವವರೆಗೆ ಸ್ಟೀವನ್ಸ್ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿದ್ದರು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಹಣಕಾಸಿನ ಮುಖ್ಯ ಸಮಿತಿಗೆ ಅವರೇ ಅಧ್ಯಕ್ಷರು. ಸೈನ್ಯಕ್ಕೆ ಹಣ ಹೊಂದಿಸುವ ಭಾರ ಅವರ ಮೇಲಿತ್ತು. ಆ ದೇಶದ ಮೊದಲ ಆದಾಯ ತೆರಿಗೆಯೂ, 1862ರ ಕಾಗದದ ಹಣವೂ ಆ ಸಮಿತಿಯ ಮೂಲಕವೇ ಬಂದವು. 1863ರ ಜೂನಿನಲ್ಲಿ ಗೆಟ್ಟಿಸ್‌ಬರ್ಗ್ ಕದನಕ್ಕೆ ಕೆಲವೇ ದಿನ ಮೊದಲು, ದಕ್ಷಿಣದ ಸೈನ್ಯ ಅವರ ಕಬ್ಬಿಣದ ಕಾರ್ಖಾನೆಯನ್ನು ಹುಡುಕಿ ಸುಟ್ಟುಹಾಕಿತು. ಸುಡಲು ಕಾರಣ ಮಾಲೀಕನ ಹೆಸರೇ.

ಗುಲಾಮಗಿರಿಯನ್ನು ದೇಶದಾದ್ಯಂತ ನಿಷೇಧಿಸುವ 13ನೇ ತಿದ್ದುಪಡಿ 1865ರ ಜನವರಿ 31ರಂದು ಕೆಳಮನೆಯಲ್ಲಿ ಅಂಗೀಕಾರವಾಯಿತು. ಪರವಾಗಿ 119, ವಿರುದ್ಧ 56. ಮೂರನೇ ಎರಡರಷ್ಟು ಬೇಕಾಗಿತ್ತು, ಬಂದದ್ದು ಅದಕ್ಕಿಂತ ಎರಡೇ ಮತ ಹೆಚ್ಚು. ಚರ್ಚೆಯ ದಿನಗಳಲ್ಲಿ, ಕರಿಯರು ಎಲ್ಲದರಲ್ಲೂ ಸಮಾನರು ಎಂದು ಸ್ಟೀವನ್ಸ್ ಬಾಯಲ್ಲಿ ಹೇಳಿಸಿ ಅನುಮಾನದಲ್ಲಿದ್ದ ಸದಸ್ಯರನ್ನು ಹೆದರಿಸಲು ವಿರೋಧಿಗಳು ಕಾದಿದ್ದರು. ತಾವು ಕೇಳುತ್ತಿರುವುದು ಕಾನೂನಿನ ಮುಂದಿನ ಸಮಾನತೆ ಎಂದಷ್ಟೇ ಅವರು ಹೇಳಿದರು. ಎಂದೂ ನಾಲಿಗೆ ಹಿಡಿಯದ ಮನುಷ್ಯ ಆ ದಿನ ಹಿಡಿದರು.

ಆ ಏಪ್ರಿಲಿನಲ್ಲಿ ಲಿಂಕನ್ ಅವರ ಹತ್ಯೆಯಾಯಿತು. ಅಧ್ಯಕ್ಷರಾದ ಆಂಡ್ರೂ ಜಾನ್ಸನ್ ದಕ್ಷಿಣದ ಹಳೆಯ ಒಡೆಯರಿಗೆ ಬೇಗನೆ ಅಧಿಕಾರ ಮರಳಿಸಲು ಹೊರಟರು. ಬಿಡುಗಡೆಯಾದ ಸುಮಾರು 40 ಲಕ್ಷ ಜನರ ಕೈಯಲ್ಲಿ ಭೂಮಿ ಇರಲಿಲ್ಲ. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿದ್ದರಿಂದ ಹೆಚ್ಚಿನವರಿಗೆ ಅಕ್ಷರವೂ ಇರಲಿಲ್ಲ. ದೊಡ್ಡ ಬಂಡಾಯಗಾರ ಜಮೀನ್ದಾರರ ಭೂಮಿಯನ್ನು ವಶಪಡಿಸಿಕೊಂಡು ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ 40 ಎಕರೆ ಕೊಡಬೇಕೆಂದು ಸ್ಟೀವನ್ಸ್ ಪಟ್ಟು ಹಿಡಿದರು. ಸ್ವಂತ ಪಕ್ಷದವರೂ ಒಪ್ಪಲಿಲ್ಲ. ಉಳುವವನಿಗೆ ಭೂಮಿ ಎಂಬ ಮಾತು ಕೇಳಿ ಬೆಳೆದ ನಮಗೆ ಆ ಸೋಲಿನ ಬೆಲೆ ಅರ್ಥವಾಗುತ್ತದೆ. ಬಿಡುಗಡೆಯಾದವರು ಹಳೆಯ ಒಡೆಯರ ಹೊಲಗಳಿಗೇ ಗೇಣಿದಾರರಾಗಿ ಹಿಂದಿರುಗಿದರು.

ಗೆದ್ದದ್ದು 14ನೇ ತಿದ್ದುಪಡಿ. ಅಮೆರಿಕದ ನೆಲದಲ್ಲಿ ಹುಟ್ಟಿದವರೆಲ್ಲ ಪೌರರು, ಯಾವ ರಾಜ್ಯವೂ ಯಾರಿಗೂ ಕಾನೂನುಗಳ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು ಎಂಬುದು ಅದರ ತಿರುಳು. ಇದನ್ನು ರೂಪಿಸಿದ ಜಂಟಿ ಸಮಿತಿಯಲ್ಲಿ ಸ್ಟೀವನ್ಸ್ ಮುಖ್ಯ ಸದಸ್ಯರು. ಮತದಾನದ ಹಕ್ಕು ಅದರಲ್ಲಿ ನೇರವಾಗಿ ಬರಲಿಲ್ಲ. ತಾವು ಕನಸಿದ್ದಕ್ಕಿಂತ ಇದು ಎಷ್ಟೋ ಕಡಿಮೆ ಎಂದು ಸಭೆಯಲ್ಲೇ ಒಪ್ಪಿಕೊಂಡು, ಸಿಗುವುದನ್ನಾದರೂ ಪಡೆಯೋಣವೆಂದು ಮತ ಹಾಕಿದರು. 1866ರ ಜೂನಿನಲ್ಲಿ ಸಂಸತ್ತು ಒಪ್ಪಿತು, 1868ರ ಜುಲೈನಲ್ಲಿ ಅದು ಸಂವಿಧಾನದ ಭಾಗವಾಯಿತು.

ಕೊನೆಯ ವರ್ಷ

1868ರ ಫೆಬ್ರವರಿಯಲ್ಲಿ ಪ್ರತಿನಿಧಿ ಸಭೆ ಅಧ್ಯಕ್ಷ ಜಾನ್ಸನ್ ಅವರ ಮೇಲೆ ದೋಷಾರೋಪಣೆ ಮಾಡಿತು. ಮುಂದೆ ನಿಂತವರಲ್ಲಿ ಸ್ಟೀವನ್ಸ್ ಒಬ್ಬರು. ಆಗ ಅವರಿಗೆ 75 ದಾಟಿತ್ತು, ನಡೆಯಲಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಮೇ ತಿಂಗಳಲ್ಲಿ ಸೆನೆಟ್ ಮತ ಹಾಕಿತು. ಒಟ್ಟು 54 ಸದಸ್ಯರು, ಮೂರನೇ ಎರಡು ಭಾಗವೆಂದರೆ 36. ಬಂದದ್ದು 35. ಒಂದೇ ಮತದಿಂದ ಜಾನ್ಸನ್ ಉಳಿದರು.

ಸ್ಟೀವನ್ಸ್ ಅದೇ ವರ್ಷದ ಆಗಸ್ಟ್ 11ರ ರಾತ್ರಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಹಲವು ವರ್ಷ ಅವರ ಮನೆಯನ್ನು ನೋಡಿಕೊಂಡಿದ್ದ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಅವರು ಹಾಸಿಗೆಯ ಬಳಿ ಇದ್ದರು. ಆಕೆ ಮಿಶ್ರವರ್ಣದ ವಿಧವೆ. ಬಿಳಿಯ ಮನೆಯೊಡೆಯರು ಕರಿಯ ಹೆಂಗಸರನ್ನು ಬರಿ ಹೆಸರಿನಿಂದ ಕೂಗುತ್ತಿದ್ದ ಕಾಲದಲ್ಲಿ ಸ್ಟೀವನ್ಸ್ ಆಕೆಯನ್ನು ಮಿಸೆಸ್ ಸ್ಮಿತ್ ಎಂದೇ ಕರೆಯುತ್ತಿದ್ದರು. ಊರು ಏನೇನೋ ಆಡಿಕೊಂಡಿತು, ಅವರು ಉತ್ತರ ಕೊಡಲು ಹೋಗಲಿಲ್ಲ. ಪಾರ್ಥಿವ ಶರೀರವನ್ನು ಸಂಸತ್ ಭವನದಲ್ಲಿ ಇರಿಸಿದಾಗ ಕಾವಲು ನಿಂತವರು ಕರಿಯ ಸೈನಿಕರು.

ಲ್ಯಾಂಕಾಸ್ಟರಿನ ದೊಡ್ಡ ಸ್ಮಶಾನಗಳಲ್ಲಿ ಅಂದು ಬಿಳಿಯರಿಗಷ್ಟೇ ಜಾಗ. ಇದು ತಿಳಿದು ಸ್ಟೀವನ್ಸ್ ಎಲ್ಲ ವರ್ಣದವರಿಗೂ ಜಾಗ ಕೊಡುವ ಒಂದು ಸಣ್ಣ ಸ್ಮಶಾನವನ್ನು ಮೊದಲೇ ಆರಿಸಿಕೊಂಡಿದ್ದರು. ಬದುಕಿನುದ್ದಕ್ಕೂ ಹೇಳಿದ ಸಮಾನತೆಯನ್ನು ಸಾವಿನಲ್ಲೂ ತೋರಿಸಲೆಂದೇ ಇಲ್ಲಿ ಮಲಗಿದ್ದೇನೆ ಎಂಬ ಅರ್ಥದ ಬರಹವನ್ನು ತಮ್ಮ ಸಮಾಧಿಗಾಗಿ ತಾವೇ ಬರೆದಿಟ್ಟಿದ್ದರು. ಅನಾಥ ಮಕ್ಕಳಿಗಾಗಿ ಉಯಿಲಿನಲ್ಲಿ ಹಣ ಬಿಟ್ಟರು. ಅಲ್ಲಿ ವರ್ಣಭೇದ ಇರಬಾರದು ಎಂದು ಷರತ್ತು ಹಾಕಿದ್ದರು. ಅದರಿಂದ ಬೆಳೆದ ತಾಂತ್ರಿಕ ಕಾಲೇಜು ಅವರ ಹೆಸರಿನಲ್ಲಿ ಲ್ಯಾಂಕಾಸ್ಟರಿನಲ್ಲಿ ಇಂದಿಗೂ ನಡೆಯುತ್ತಿದೆ.

ಅವರು ಸತ್ತ ಮೇಲೆ ಬಹಳ ಕಾಲ ಇತಿಹಾಸದ ಪುಸ್ತಕಗಳು ಅವರನ್ನು ಸೇಡಿನ ಮನುಷ್ಯ ಎಂದೇ ಚಿತ್ರಿಸಿದವು. 14ನೇ ತಿದ್ದುಪಡಿಯೂ ದಶಕಗಳವರೆಗೆ ಕಾಗದದ ಮೇಲೇ ಉಳಿಯಿತು. 1954ರಲ್ಲಿ ಬಿಳಿಯ ಮತ್ತು ಕರಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರುವುದು ತಪ್ಪೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಾಗ ಆಧಾರವಾದದ್ದು ಆ ತಿದ್ದುಪಡಿಯ ಸಮಾನ ರಕ್ಷಣೆಯ ಮಾತು. ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಕಾನೂನಿನ ಮುಂದೆ ಸಮಾನತೆಯ ಜೊತೆಗೆ ಅದೇ ಸಮಾನ ರಕ್ಷಣೆಯ ಮಾತಿದೆ. ಎರಡೂ ಕಡೆ ಸಂಖ್ಯೆ 14 ಆಗಿರುವುದು ಆಕಸ್ಮಿಕ, ಮಾತು ಆಕಸ್ಮಿಕವಲ್ಲ.

ತರಗತಿಯಲ್ಲಿ

ನಾಲ್ಕನೇ ವಾರ ಒಂದು ಬದಲಿ ಅವಧಿ ಸಿಕ್ಕಿತು. ನಾನು ಸ್ಟೀವನ್ಸ್ ಅವರ ಕಥೆ ಹೇಳಿದೆ. ಚಾರಿಟಿ ಬಟ್ಲರ್ ಪ್ರಸಂಗ ಬಂದಾಗ ಕಪ್ಪುಹಲಗೆಯ ಮೇಲೆ 2 ತಿಂಗಳು, 3 ತಿಂಗಳು, 2 ತಿಂಗಳು ಎಂದು ನಾನೇ ಊಹಿಸಿದ ಅಂಕಿಗಳನ್ನು ಬರೆದು, ಕೂಡಬಹುದೇ ಕೂಡಬಾರದೇ ಎಂದು ಕೇಳಿದೆ. ಇಡೀ ತರಗತಿ ಕೂಡಬೇಕು ಎಂದಿತು. ಕೂಡಬಾರದು ಎಂದು ವಾದಿಸಿ ಗೆದ್ದವರು ಈ ಸ್ಟೀವನ್ಸ್ ಅವರೇ ಎಂದಾಗ ಸದ್ದಡಗಿತು. ಹಾಗಾದರೆ ಅವರು ಒಳ್ಳೆಯವರು ಹೇಗೆ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ನಾನು ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದುಕೊಂಡಿರಲಿಲ್ಲ. ಅವರು ಆ ಕೆಲಸವನ್ನು ಮತ್ತೆ ಮಾಡಲಿಲ್ಲ ಎಂದಷ್ಟೇ ಹೇಳಿದೆ.

1809ರ ಪಟ್ಟಿಯ ವಿಷಯಕ್ಕೆ ಬಂದಾಗ, ನಾನೂ ಇದೇ ತರಗತಿಯಲ್ಲಿ ಅಂಥದೇ ಪಟ್ಟಿ ಮಾಡಿದೆ, ಅದು ತಪ್ಪಾಯಿತು ಎಂದು ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ, ಆ ಹುಡುಗಿಯ ಕಡೆ ನೋಡಲೂ ಇಲ್ಲ. ವೀಕ್ಷಣೆಗೆ ಕುಳಿತಿದ್ದ ಸಹಪ್ರಶಿಕ್ಷಣಾರ್ಥಿ, ಶಿಕ್ಷಕರು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಹಿಡಿತ ಹೋಗುತ್ತದೆ ಎಂದು ಟಿಪ್ಪಣಿ ಬರೆದರು. ಅದನ್ನು ನಾನು ಒಪ್ಪುವುದಿಲ್ಲ, ಆದರೆ ಚರ್ಚೆಗೆ ಯೋಗ್ಯವೆಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಮರುದಿನ ಮಾರ್ಗದರ್ಶಕ ಶಿಕ್ಷಕಿಯ ಒಪ್ಪಿಗೆ ಪಡೆದು ವಿಧಾನ ಬದಲಿಸಿದೆ. ತರಗತಿಯ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟೆ. ಹೆಸರು, ಬೇಕಾದ ದಾಖಲೆ ಇದೆಯೇ ಇಲ್ಲವೇ, ಮಾಡಿಸಲು ಸಹಾಯ ಬೇಕೇ ಎಂದು ಎಲ್ಲರೂ ಬರೆದು ಮಡಚಿ ಕೊಡಬೇಕು. ಅನ್ವಯಿಸದವರು ಹೆಸರಷ್ಟೇ ಬರೆದರೆ ಸಾಕು. ಆ ಹುಡುಗಿಯ ಹಾಳೆಯೂ ಬಂತು. ಪ್ರಮಾಣಪತ್ರದ ಅವಧಿ ಮುಗಿದಿದೆ, ನಾಡಕಚೇರಿಗೆ ಹೋಗಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲ ಎಂದು ಬರೆದಿದ್ದಳು. ಅಂದು ಅವಳು ಏಳದಿದ್ದದ್ದು ಹಟದಿಂದಲ್ಲ. ಕೊಡಲು ಕೈಯಲ್ಲಿ ಕಾಗದವೇ ಇರಲಿಲ್ಲ, ಅದನ್ನು ಎಲ್ಲರೆದುರು ಹೇಳುವಂತೆ ನಾನು ಮಾಡಿದ್ದೆ. ಶಿಕ್ಷಕಿ ಪೋಷಕರಿಗೆ ಫೋನ್ ಮಾಡಿದರು. ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲು ಹೊಸ ಪ್ರಮಾಣಪತ್ರ ಬಂತು, ಅರ್ಜಿ ಹೋಯಿತು.

ಬೋಧನಾಭ್ಯಾಸ ಮುಗಿಯುವವರೆಗೂ ಆ ಹುಡುಗಿ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ. ಲೆಕ್ಕಗಳನ್ನು ಮಾತ್ರ ಮತ್ತೆ ಬಿಡಿಸತೊಡಗಿದಳು. ಮುಂದಿನ ವರ್ಷ ಈ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಕೋರಿಕೆ. ಕಚೇರಿಯಿಂದ ಯಾವ ಪಟ್ಟಿ ಬಂದರೂ ಅದನ್ನು ತರಗತಿಯಲ್ಲಿ ಓದಬೇಡಿ, ಯಾರನ್ನೂ ನಿಲ್ಲಿಸಬೇಡಿ. ಹಾಳೆ ಹಂಚಿ ಬರೆಸಿಕೊಳ್ಳಲು ನನಗೆ ಹಿಡಿದದ್ದು ಏಳು ನಿಮಿಷ. ಎರಡನೇ ವಾರದ ಸ್ವಮೌಲ್ಯಮಾಪನದಲ್ಲಿ ತರಗತಿ ನಿರ್ವಹಣೆ ತೃಪ್ತಿಕರ ಎಂದು ಬರೆದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿದ್ದೇನೆ.